ಆರನೆಯ ಕಂತಿನ ಅರ್ಧ ನಿಮಿಷ

ವಾರಪತ್ರಿಕೆಯಲ್ಲಿ ಅವರ ಅಂಕಣದ ಹೆಸರು 'ತಕ್ಕಡಿ'. ಇಪ್ಪತ್ತಮೂರು ವರ್ಷ ಬರೆದೂ ಬರೆದೂ ಆ ಹೆಸರು ಅವರಿಗೇ ಅಂಟಿಕೊಂಡಿತ್ತು. ಕಚೇರಿಯ ಬಾಗಿಲು ಕಾಯುವವರಿಂದ ಹಿಡಿದು ಡಬ್ಬಿಂಗ್ ಸ್ಟುಡಿಯೋದವರವರೆಗೆ ಎಲ್ಲರಿಗೂ ಅವರು ತಕ್ಕಡಿಯವರು. ಎದುರಿಗೆ ಸಿಕ್ಕಾಗ 'ಸರ್', ಬೆನ್ನು ತಿರುಗಿಸಿದ ಮೇಲೆ ಬರೀ 'ತಕ್ಕಡಿ'. ಅವರಿಗೂ ಅದು ಗೊತ್ತಿತ್ತು. ಒಳಗೊಳಗೇ ಸ್ವಲ್ಪ ಹೆಮ್ಮೆಯೂ ಇತ್ತು.

ಮೊದಲು ಅವರು ಬರೆಯುತ್ತಿದ್ದದ್ದು ಸಿನಿಮಾ ಬಗ್ಗೆ. ಮಗಳು ಶಾಲೆಯಲ್ಲಿದ್ದಾಗ ಜಪಾನೀ ಅನಿಮೆಯ ಹುಚ್ಚು ಹತ್ತಿಸಿಕೊಂಡಳು, ಅಪ್ಪನನ್ನೂ ಪಕ್ಕದಲ್ಲಿ ಕೂರಿಸಿಕೊಂಡಳು. ಮಗಳ ಹುಚ್ಚು ಇಳಿಯಿತು, ಅಪ್ಪನದು ಇಳಿಯಲಿಲ್ಲ. ಕಾರ್ಟೂನಿಗೆಲ್ಲ ಯಾರಾದರೂ ವಿಮರ್ಶೆ ಬರೀತಾರಾ ಅಂತ ಮೂಗು ಮುರಿದವರೇ ಆಮೇಲೆ ಅವರ ಅಂಕಣ ನೋಡದೆ ಸರಣಿ ಶುರುಮಾಡುತ್ತಿರಲಿಲ್ಲ. ಅವರದೊಂದು ಕ್ರಮವಿತ್ತು. ಮೂಲವನ್ನು ಜಪಾನೀ ದನಿಯಲ್ಲಿ ಸಬ್‌ಟೈಟಲ್ ಓದಿಕೊಂಡು ಪೂರ್ತಿ ನೋಡುವುದು. ಆಮೇಲೆ ಇಂಗ್ಲಿಷ್ ಡಬ್ಬಿಂಗನ್ನು ಸಬ್‌ಟೈಟಲ್ ಇಲ್ಲದೆ ಮತ್ತೆ ಪೂರ್ತಿ ನೋಡುವುದು. ಎರಡಕ್ಕೂ ಬೇರೆಬೇರೆ ಅಂಕ.

ಆ ಸಲ ಅವರ ಮೇಜಿಗೆ ಬಂದದ್ದು 'ಕೊನೆಮಾತಿನ ದೂತೆ'. ಹದಿಮೂರು ಕಂತು. ನಾನೂರು ವರ್ಷ ಹಿಂದಿನ ಕಾಳಗಗಳ ಕಾಲ. ಕೋಟೆ, ಕುದುರೆ, ಸುಂಕದ ಕಟ್ಟೆ, ಹೊಗೆ ಹಿಡಿದ ಅಡುಗೆಮನೆ, ಎಲ್ಲವೂ ಅಳೆದು ತೂಗಿ ಬರೆದಂತೆ ನಿಜ. ಅದರ ನಡುವೆ ಒಂದೇ ಒಂದು ಮಾಯೆ. ರಣರಂಗದಲ್ಲಿ ಸಾಯುತ್ತಿರುವ ಸೈನಿಕನ ತುಟಿಗೆ ಕಿವಿಯಿಟ್ಟು ಅವನ ಕೊನೆಯ ಮಾತನ್ನು ತುಂಬಿಕೊಳ್ಳುವ ಹುಡುಗಿಯೊಬ್ಬಳು, ಊರೂರು ನಡೆದು, ಅವನ ಮನೆಯವರ ಮುಂದೆ ಅದನ್ನು ಅವನದೇ ಉಸಿರಿನಲ್ಲಿ ಹೇಳುತ್ತಾಳೆ. ಹೇಳಿದೊಡನೆ ಅವಳ ಸ್ವಂತ ನೆನಪೊಂದು ಅಳಿಸಿಹೋಗುತ್ತದೆ.

ತಕ್ಕಡಿಯವರಿಗೆ ಸರಣಿ ತುಂಬಾ ಹಿಡಿಸಿತು. ಹತ್ತನೆಯ ಕಂತಿನ ಯುದ್ಧ ಎಳೆದಂತಾಯಿತು ಎಂಬ ಒಂದು ಆಕ್ಷೇಪ ಬಿಟ್ಟರೆ ಮೂಲವನ್ನು ಬಾಯ್ತುಂಬ ಹೊಗಳಿ ಐದಕ್ಕೆ ನಾಲ್ಕೂವರೆ ಕೊಟ್ಟರು. ಇಂಗ್ಲಿಷ್ ಡಬ್ಬಿಂಗ್ ನಡೆದದ್ದು ಅವರದೇ ನಗರದ ಸ್ಟುಡಿಯೋದಲ್ಲಿ. ದೂತೆಗೆ ಕಂಠ ಕೊಟ್ಟವಳು ಹೊಸಬಳು, ಅದೇ ಅವಳ ಮೊದಲ ದೊಡ್ಡ ಪಾತ್ರ. ಅವಳ ಬಗ್ಗೆ ಅವರು ಹೀಗೆ ಬರೆದರು: "ಮೂಲದ ಪಿಸುಮಾತು ಮೈ ಜುಮ್ಮೆನ್ನಿಸುತ್ತದೆ. ಇಂಗ್ಲಿಷಿನಲ್ಲಿ ದೂತೆಯ ಬಾಯಿಗೆ ಹತ್ತಿ ತುರುಕಿದಂತಿದೆ, ಅರ್ಧಕ್ಕರ್ಧ ಮಾತು ನುಂಗಿಹೋಗುತ್ತದೆ. ಆರನೆಯ ಕಂತಿನಲ್ಲಂತೂ ಅರ್ಧ ನಿಮಿಷ ತುಟಿ ಆಡುತ್ತದೆ, ದನಿಯೇ ಇಲ್ಲ. ಸ್ಟುಡಿಯೋದವರು ಮರೆತರೋ, ಕಲಾವಿದೆಗೆ ಜೊಂಪು ಹತ್ತಿತ್ತೋ ತಿಳಿಯದು." ಅಂಕ ಒಂದೂವರೆ.

ಜೊಂಪಿನ ಮಾತು ಬರೆದಾಗ ಅವರಿಗೇ ನಗು ಬಂದಿತ್ತು.

ಪತ್ರಿಕೆ ಹೊರಬಿದ್ದ ಮೂರನೆಯ ದಿನದಿಂದ ಓದುಗರ ಪತ್ರಗಳು ಬರತೊಡಗಿದವು. ಆರನೆಯ ಕಂತಿನಲ್ಲಿ ದನಿ ಇದೆಯಲ್ಲ, ಚೆನ್ನಾಗೇ ಕೇಳಿಸುತ್ತದಲ್ಲ ಎಂದು ಮೊದಲು ನಾಲ್ಕೈದು ಮಂದಿ ಬರೆದರು. ವಾರ ಕಳೆಯುವಷ್ಟರಲ್ಲಿ ಅರವತ್ತಾದವು. ಸಂಪಾದಕಿ ಫೋನ್ ಮಾಡಿದಳು. ತಕ್ಕಡಿಯವರಿಗಿಂತ ಹದಿನೈದು ವರ್ಷ ಚಿಕ್ಕವಳು, ಅವರ ಅಂಕಣ ಓದಿಯೇ ಪತ್ರಿಕೆಗೆ ಸೇರಿದವಳು.

"ಸರ್, ನಾನೂ ನೋಡ್ದೆ. ನನಗಂತೂ ಕೇಳಿಸ್ತು."

ಫೋನನ್ನು ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟಿದ್ದ ತಕ್ಕಡಿಯವರು, "ನನಗೆ ಕಳಿಸಿದ ಪ್ರತೀಲಿ ಏನೋ ಕೆಟ್ಟಿದೆ. ಇಪ್ಪತ್ತಮೂರು ವರ್ಷದಲ್ಲಿ ನಾನು ಇಲ್ಲದ್ದನ್ನ ಇದೆ ಅಂದಿಲ್ಲ, ಇದ್ದದ್ದನ್ನ ಇಲ್ಲ ಅಂದಿಲ್ಲ," ಎಂದರು.

"ಹಾಗೇ ಇರ್ಬೇಕು ಸರ್. ಒಂದ್ಸಲ ನೋಡ್ಬಿಡಿ."

ಆ ಭಾನುವಾರ ಬೆಳಿಗ್ಗೆ ಮಗಳಿಗೆ ರಜ. ರಕ್ತಪರೀಕ್ಷೆಯ ಪ್ರಯೋಗಾಲಯದಲ್ಲಿ ಕೆಲಸ. ಕಣ್ಣಿಗೆ ಕಂಡದ್ದನ್ನಷ್ಟೇ ಬರೆಯುವುದು ಅವಳ ಕಸುಬು, ಅದೇ ಸ್ವಭಾವ ಕೂಡ. ತಕ್ಕಡಿಯವರು ಅವಳನ್ನು ಸಾಕ್ಷಿಗೆ ಕರೆದಂತೆ ಕರೆದು ಪಕ್ಕದಲ್ಲಿ ಕೂರಿಸಿಕೊಂಡರು. ಆರನೆಯ ಕಂತು ಹಾಕಿದರು. ದೋಣಿ ನಡೆಸುವ ಮುದುಕನ ಮುಂದೆ ದೂತೆ ಮಂಡಿಯೂರಿ ಕೂತಿದ್ದಳು. ಸತ್ತ ಮಗನ ಮಾತನ್ನು ಅವಳು ಹೇಳಬೇಕು.

"ನೋಡ್ಕೋ, ಈಗ," ಎಂದರು. ತೆರೆಯ ಮೇಲೆ ತುಟಿ ಆಡಿತು. ಮುದುಕನ ಕಣ್ಣು ತುಂಬಿತು. "ಕಂಡ್ಯಾ? ಒಂದು ಸದ್ದಿಲ್ಲ. ಇದನ್ನ ನಾನು ಬರೆದದ್ದು ತಪ್ಪಾ?"

ಮಗಳು ತೆರೆ ನೋಡುತ್ತಿರಲಿಲ್ಲ, ಅಪ್ಪನ ಮುಖ ನೋಡುತ್ತಿದ್ದಳು.

"ಅಪ್ಪ, ಇನ್ನೊಂದ್ಸಲ ಹಾಕಿ."

ಹಾಕಿದರು. ಅವಳು ಎದ್ದು ಹೋಗಿ ಸ್ಪೀಕರಿನ ದನಿ ಜಾಸ್ತಿ ಮಾಡಿ ಬಂದಳು. ನದಿಯ ನೀರಿನ ಮೊರೆತ ಕೋಣೆ ತುಂಬಿತು. ತುಟಿ ಮತ್ತೆ ಬರಿದೇ ಆಡಿತು.

"ಅಪ್ಪ, ಅವಳು ಮಾತಾಡ್ತಿದ್ದಾಳೆ."

"ಏನಂತ?"

"ಬಾಗಿಲಿಗೆ ಅಗುಳಿ ಹಾಕಬೇಡಿ, ಬರೋದು ತಡ ಆಗಬಹುದು ಅಂತ. ಮಧ್ಯೆ ಉಸಿರು ಕಟ್ಟುತ್ತೆ, ಮತ್ತೆ ಹೇಳ್ತಾಳೆ."

ಅದೇ ಮಾತು. ಮೂಲದ ಸಬ್‌ಟೈಟಲಿನಲ್ಲಿ ಅದನ್ನು ಓದಿಯೇ ಅವರ ಮೈ ಜುಮ್ಮೆಂದದ್ದು. ಮಗಳು ಅವರ ಬೆನ್ನ ಹಿಂದೆ ಹೋಗಿ ನಿಂತಳು. ಸ್ವಲ್ಪ ಹೊತ್ತಾಯಿತು. ಮತ್ತೆ ಎದುರಿಗೆ ಬಂದಾಗ ಅವಳ ಕಣ್ಣು ಕೆಂಪಗಿತ್ತು.

"ಮೂರು ಸಲ ಕರೆದೆ ಅಪ್ಪ, ಪಿಸುಗುಟ್ಟಿ."

ಅಡುಗೆಮನೆಯ ಬಾಗಿಲಲ್ಲಿ ಹೆಂಡತಿ ನಿಂತಿದ್ದಳು, ಕೈಯಲ್ಲಿ ಒರೆಸುವ ಬಟ್ಟೆ. "ಎರಡು ವರ್ಷದ ಮೇಲಾಯ್ತು," ಎಂದಳು. "ಹೇಳಿದ್ರೆ ಎಗರಿ ಬೀಳ್ತೀರ ಅಂತ ಸುಮ್ಮನಿದ್ದೆ. ಒಂದ್ಸಲ ಬಾಯಿಬಿಟ್ಟು ಹೇಳಿದೆ ಕೂಡ. ನೀನೇ ಗೊಣಗ್ತೀಯ ಅಂದ್ರಿ. ಆವತ್ತಿಂದ ಜೋರಾಗಿ ಮಾತಾಡೋದು ಅಭ್ಯಾಸ ಮಾಡ್ಕೊಂಡೆ. ಈಗ ನಾನು ಕೆಲಸ ಮಾಡೋ ಔಷಧಿ ಅಂಗಡೀಲೂ ಅದೇ ಗಂಟಲು. ಮೊನ್ನೆ ಒಬ್ಬರ ಮೂಲವ್ಯಾಧಿ ಮುಲಾಮು ಹೇಗೆ ಹಚ್ಚೋದು ಅಂತ ಇಡೀ ಸಾಲಿಗೇ ಕೇಳಿಸೋ ಹಾಗೆ ಹೇಳಿಬಿಟ್ಟೆ. ಅಂಗಡಿ ಯಜಮಾನರು ಕರೆದು ಬೈದ್ರು."

ಮಗಳಿಗೆ ಅಳುವಿನ ನಡುವೆಯೇ ನಗು ನುಗ್ಗಿತು. ಹೆಂಡತಿಯೂ ನಕ್ಕಳು. ತಕ್ಕಡಿಯವರು ನಗಲಾರದೆ ತೆರೆಯನ್ನೇ ನೋಡುತ್ತ ಕೂತರು.

ಕಿವಿ ಪರೀಕ್ಷೆಯ ಕೋಣೆ ಒಂದು ಕಪಾಟಿನಷ್ಟಿತ್ತು. ಸದ್ದು ಕೇಳಿಸಿದಾಗ ಗುಂಡಿ ಒತ್ತಬೇಕು. ಅವರು ಒತ್ತಿದರು, ಆಮೇಲೆ ಕಾದರು, ಕಾಯುತ್ತಲೇ ಇದ್ದರು. ಗಾಜಿನಾಚೆ ಪರೀಕ್ಷಕಿಯ ಕೈ ಆಡುತ್ತಿದ್ದದ್ದು ಕಾಣುತ್ತಿತ್ತು. ಅವಳು ಸದ್ದು ಕಳಿಸುತ್ತಿದ್ದಾಳೆ, ತನಗೆ ಮುಟ್ಟುತ್ತಿಲ್ಲ ಎಂದು ತಿಳಿಯಿತು. ಕೇಳಿಸಿದವರಂತೆ ಸುಮ್ಮನೆ ಎರಡು ಸಲ ಗುಂಡಿ ಒತ್ತಿದರು.

"ಈಗ ನಾನು ಏನೂ ಕಳಿಸಿಲ್ಲ ಸರ್," ಎಂದಳು ಅವಳು, ಬೇಸರವಿಲ್ಲದೆ.

ಹೊರಗೆ ಬಂದ ಮೇಲೆ ಹಾಳೆಯ ಮೇಲೆ ಒಂದು ಗೆರೆ ತೋರಿಸಿದಳು, ಎಡತುದಿಗೆ ದಪ್ಪ ದನಿ, ಬಲತುದಿಗೆ ಸಣ್ಣ ದನಿ. ಎಡದಲ್ಲಿ ಸಮನಾಗಿದ್ದ ಗೆರೆ ಬಲಕ್ಕೆ ಬರುತ್ತ ಕಡಿದಾಗಿ ಇಳಿದಿತ್ತು. "ಗಂಡಸರ ದಪ್ಪ ದನಿ ನಿಮಗೆ ಸರಿಯಾಗೇ ಕೇಳಿಸುತ್ತೆ. ಅದಕ್ಕೇ ಗೊತ್ತಾಗಿಲ್ಲ. ಹೆಂಗಸರ ದನಿ, ಮಕ್ಕಳ ದನಿ, ಪಿಸುಮಾತು, ಸ, ಶ, ಫ ಅನ್ನೋ ಅಕ್ಷರಗಳು, ಇವು ಜಾರಿಹೋಗ್ತವೆ. ಏಳೆಂಟು ವರ್ಷದಿಂದ ನಿಧಾನಕ್ಕೆ ಇಳಿದಿರುತ್ತೆ."

ಏಳೆಂಟು ವರ್ಷ ಎಂಬ ಮಾತು ಅವರನ್ನು ಮನೆಯವರೆಗೂ ಬಿಡಲಿಲ್ಲ. ಹಳೆಯ ಅಂಕಣಗಳ ಕಡತ ತೆಗೆದು ಒಂದೊಂದೇ ಓದಿದರು. ಮುದಿ ಸೇನಾಪತಿಗೆ ಕಂಠ ಕೊಟ್ಟವನು: "ಕಂಚಿನ ದನಿ." ರಾಕ್ಷಸನಿಗೆ ಕೊಟ್ಟವನು: "ಪಾತ್ರವೇ ಮಾತಾಡಿದಂತೆ." ರಾಜಕುಮಾರಿಗೆ ಕೊಟ್ಟವಳು: "ಸ್ಪಷ್ಟತೆ ಸಾಲದು." ದಾಸಿಗೆ ಕೊಟ್ಟವಳು: "ತೇಲಿಸಿ ಹೇಳುತ್ತಾಳೆ." ಪುಟ ಮಗುಚಿದಷ್ಟೂ ಅದೇ. ತಾನು ಸಮನಾಗಿ ಹಿಡಿದಿದ್ದೇನೆ ಅಂದುಕೊಂಡ ತಕ್ಕಡಿಯ ಒಂದು ತಟ್ಟೆ ಅಷ್ಟೂ ವರ್ಷ ನೆಲ ಮುಟ್ಟಿಕೊಂಡೇ ಇತ್ತು. ಎಷ್ಟು ಹೆಣ್ಣುಮಕ್ಕಳಿಗೆ ಎಷ್ಟು ಪಾತ್ರ ತಪ್ಪಿತೋ ಲೆಕ್ಕ ಇಟ್ಟವರು ಯಾರು?

ಮರುದಿನ ಸಂಪಾದಕಿಯ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಎಲ್ಲ ಹೇಳಿದರು. ಅವಳು ಬಹಳ ಹೊತ್ತು ಪೆನ್ನಿನ ಮುಚ್ಚಳ ತೆಗೆಯುತ್ತ ಹಾಕುತ್ತ ಕೂತಳು.

"ಸರ್, ಇದು ನಮ್ಮಿಬ್ಬರಲ್ಲೇ ಇರಲಿ. ನಮ್ಮ ಪತ್ರಿಕೆ ಕೊಳ್ಳೋರಲ್ಲಿ ಅರ್ಧ ಜನ ಹಿಂದಿನ ಪುಟದಿಂದ ತೆಗೀತಾರೆ, ತಕ್ಕಡಿ ಓದೋದಕ್ಕೆ. 'ವಿಮರ್ಶೆಗೆ ಬಂದ ಪ್ರತಿಯಲ್ಲಿ ದೋಷವಿತ್ತು, ವಿಷಾದಿಸುತ್ತೇವೆ' ಅಂತ ಎರಡು ಸಾಲು ಹಾಕೋಣ. ನೀವು ಕಿವಿಗೆ ಮಷೀನು ಹಾಕ್ಕೊಳ್ಳಿ. ಎಲ್ಲ ಸರಿಹೋಗುತ್ತೆ."

"ಪ್ರತೀಲಿ ದೋಷ ಇರಲಿಲ್ಲವಲ್ಲ."

"ಅದು ನಮಗಷ್ಟೇ ಗೊತ್ತು."

ತಕ್ಕಡಿಯವರು ಆಗಲಿ ಎಂದರು. ಹಾಗೆ ಅಂದದ್ದು ಅವರಿಗೆ ಆಮೇಲೆ ಎಷ್ಟು ಚುಚ್ಚಿತೆಂದರೆ, ಮೊದಲ ತಪ್ಪಿಗಾದರೂ ಕಿವಿ ಕಾರಣ, ಇದಕ್ಕೆ ಯಾವುದನ್ನು ಕಾರಣ ಮಾಡಲಿ ಎಂದು ಮಗಳ ಮುಂದೆ ಹೇಳಿಕೊಂಡರು. ಆದರೆ ಆ ಗಳಿಗೆಯಲ್ಲಿ ಅನ್ನಿಸಿದ್ದು ಬರೀ ಹಗುರ. ಮರ್ಯಾದೆ ಉಳಿಯಿತು ಎಂಬ ಹಗುರ. ಎರಡು ಸಾಲು ಅಚ್ಚಾಯಿತು, ಸಾಸಿವೆಯಷ್ಟು ಸಣ್ಣ ಅಕ್ಷರದಲ್ಲಿ, ಪುಟದ ಬುಡದಲ್ಲಿ.

ಮಷೀನು ಬಂದ ಮೊದಲ ವಾರ ಕಾಗದ ಮಡಚಿದರೂ ಕೊಡಲಿ ಬಿದ್ದಂತೆ ಕೇಳಿಸುತ್ತಿತ್ತು. ಹೆಂಡತಿ ಅಭ್ಯಾಸಬಲದಿಂದ ಕೂಗಿ ಕರೆದರೆ ಕೂತಲ್ಲೇ ಬೆಚ್ಚಿಬೀಳುತ್ತಿದ್ದರು. ಎಂಟನೆಯ ದಿನ ಧೈರ್ಯ ಮಾಡಿ, ಒಬ್ಬರೇ, ಆರನೆಯ ಕಂತು ಹಾಕಿಕೊಂಡರು. ದೂತೆ ಮಂಡಿಯೂರಿದಳು. ನೀರಿನ ಮೊರೆತದ ಒಳಗಿನಿಂದ ಒಂದು ಉಸಿರು ಎದ್ದು ಬಂತು. ಹೆಣ್ಣಿನದೂ ಅಲ್ಲ, ಗಂಡಸಿನದೂ ಅಲ್ಲ, ಇನ್ನೇನು ನಿಂತುಹೋಗುವ ಉಸಿರು. ಬಾಗಿಲಿಗೆ ಅಗುಳಿ ಹಾಕಬೇಡಿ. ಅಲ್ಲಿ ತಡೆಯಿತು. ಗಂಟಲು ಒಣಗಿದ ಸಣ್ಣ ಸದ್ದು. ಆಮೇಲೆ, ಅಪ್ಪನಿಗೆ ಕಾಯುವುದು ಬೇಸರವಾದೀತೇನೋ ಎಂಬ ಸಂಕೋಚದಲ್ಲಿ: ಬರೋದು ತಡ ಆಗಬಹುದು.

ಜಪಾನೀ ಮೂಲವನ್ನೂ ಹಾಕಿ ಕೇಳಿದರು. ಅದು ಚೆನ್ನಾಗಿತ್ತು. ಇದು ಅದಕ್ಕಿಂತ ಚೆನ್ನಾಗಿತ್ತು.

ಆ ತಿಂಗಳ ಕೊನೆಗೆ ಬೇರೊಂದು ಸರಣಿಯ ಪೂರ್ವಪ್ರದರ್ಶನದಲ್ಲಿ 'ಕೊನೆಮಾತಿನ ದೂತೆ'ಯ ಡಬ್ಬಿಂಗ್ ನಿರ್ದೇಶಕ ಸಿಕ್ಕಿದ. ದಪ್ಪಗೆ, ದೊಡ್ಡ ಕುತ್ತಿಗೆಯ ಮನುಷ್ಯ. ಚಹದ ಲೋಟ ಹಿಡಿದುಕೊಂಡೇ ಹತ್ತಿರ ಬಂದು, "ನೀವು ಬರೆದದ್ದು ಒಳ್ಳೇದೇ ಆಯ್ತು ಸರ್," ಎಂದ. "ಆ ಪಿಸುಮಾತು ಬೇಡ, ಜನಕ್ಕೆ ಕೇಳಿಸೋಲ್ಲ ಅಂತ ನಾನು ಬಡ್ಕೊಂಡೆ. ಹುಡುಗಿ ಜಪ್ಪಯ್ಯ ಅಂದ್ರೂ ಬಿಡ್ಲಿಲ್ಲ. ಸಾಯೋನು ಕೂಗ್ತಾನಾ ಅಂತ ನನ್ನನ್ನೇ ಕೇಳಿದ್ಲು. ವಿತರಕರಿಗೆ ನಿಮ್ಮ ಅಂಕಣ ತೋರಿಸ್ದೆ, ಎರಡನೇ ಸೀಸನ್ನಿಗೆ ಬೇರೆಯವಳನ್ನ ಹಾಕಿದ್ವಿ."

"ತಿದ್ದುಪಡಿ ಹಾಕಿದ್ವಲ್ಲ, ನೋಡಲಿಲ್ವಾ?"

"ಅದರಲ್ಲಿ ಪ್ರತಿ ಕೆಟ್ಟಿತ್ತು ಅಂತ ಇತ್ತೇ ಹೊರತು ಹುಡುಗಿ ಚೆನ್ನಾಗಿ ಮಾಡಿದ್ಲು ಅಂತ ಎಲ್ಲಿತ್ತು? ಒಂದೂವರೆ ಹಾಗೇ ಇತ್ತಲ್ಲ." ಅವನು ಹೇಳಿದ್ದರಲ್ಲಿ ಎಳ್ಳಷ್ಟೂ ವ್ಯಂಗ್ಯವಿರಲಿಲ್ಲ.

ತಕ್ಕಡಿಯವರು ಪ್ರದರ್ಶನ ನೋಡದೆ ಹೊರಟುಬಂದರು. ಎರಡು ದಿನ ಕೂತು ಬರೆದರು. ತನ್ನ ಕಿವಿ, ಪರೀಕ್ಷೆಯ ಗೆರೆ, ಸುಳ್ಳು ತಿದ್ದುಪಡಿಗೆ ತಾನು ತಲೆಯಾಡಿಸಿದ್ದು, ಏಳು ವರ್ಷದಲ್ಲಿ ತಾನು ತೂಕ ಕಡಿಮೆ ಹಾಕಿದ ಹತ್ತೊಂಬತ್ತು ಕಲಾವಿದೆಯರು, ಅವರವರ ಪಾತ್ರ. ಆದರೆ ಅಚ್ಚಿಗೆ ಕೊಡುವ ಮುಂಚೆ ಆ ಹುಡುಗಿಯ ಮುಂದೆ ನಿಲ್ಲಬೇಕು ಅನ್ನಿಸಿತು. ಮಗಳು ಹೇಗೋ ವಿಳಾಸ ಹುಡುಕಿಕೊಟ್ಟಳು.

ಬೀಗದಂಗಡಿಯ ಮೇಲಿನ ಮಹಡಿ. ಗೋಡೆಗೆಲ್ಲ ಬೂದು ಬಣ್ಣದ ದಪ್ಪ ಸ್ಪಂಜು ಹೊಡೆದ ಸಣ್ಣ ಕೋಣೆ. ಅವಳು ಯಾವುದೋ ಕಂಪನಿಯ ಫೋನಿಗೆ ದನಿ ಕೊಡುತ್ತಿದ್ದಳು. ನಿಮ್ಮ ಕರೆ ನಮಗೆ ಮುಖ್ಯ, ದಯವಿಟ್ಟು ಕಾಯಿರಿ. ಅದನ್ನೇ ಎಂಟು ಬಗೆಯಲ್ಲಿ ಹೇಳಿ ಹೊರಗೆ ಬಂದಳು. ಮೂವತ್ತರ ಆಸುಪಾಸು, ಕುತ್ತಿಗೆಗೆ ಸುತ್ತಿದ ಉಣ್ಣೆಯ ಬಟ್ಟೆ. ತಕ್ಕಡಿಯವರು ತಾನು ಯಾರೆಂದು ಹೇಳಿದರು. ಅವಳು ಕುರ್ಚಿ ತೋರಿಸಿದಳು, ತಾನು ಕೂರಲಿಲ್ಲ.

"ನಮ್ಮಮ್ಮ ನಿಮ್ಮ ಅಂಕಣ ಒಂದು ವಾರಾನೂ ಬಿಡಲ್ಲ ಸರ್. ಆ ವಾರದ ಪತ್ರಿಕೆ ಮಾತ್ರ ಹಾಸಿಗೆ ಕೆಳಗಿಟ್ಟಿದ್ರು. ನನಗೆ ಕಾಣಬಾರದು ಅಂತ. ಅಷ್ಟರಲ್ಲಿ ಹತ್ತು ಜನ ಫೋನ್ ಮಾಡಿ ಓದಿ ಹೇಳಿದ್ರು."

ಅವರು ಕಿವಿಯ ಹಿಂದಿನಿಂದ ಮಷೀನು ತೆಗೆದು ಅಂಗೈಯಲ್ಲಿಟ್ಟು ತೋರಿಸಿದರು. ಏನಾಯಿತೆಂದು ಮುಚ್ಚುಮರೆಯಿಲ್ಲದೆ ಹೇಳಿದರು, ತಿದ್ದುಪಡಿಯ ಸುಳ್ಳನ್ನೂ ಬಿಡದೆ. ಹೇಳುವಾಗ ಅವಳು ಏನೋ ಅಂದಳು, ಅವರಿಗೆ ಕೇಳಿಸಲಿಲ್ಲ. ಮತ್ತೆ ಹಾಕಿಕೊಂಡರು.

"ಏನಂದ್ರಿ?"

"ಹಾಕ್ಕೊಳ್ಳಿ ಅಂದೆ." ಅವಳು ಕಿಟಕಿಯ ಕಡೆ ತಿರುಗಿದಳು. "ಕಿವಿ ಕೇಳ್ಸದಿದ್ರೆ ಅದು ಯಾರ ತಪ್ಪೂ ಅಲ್ಲ. ಜೊಂಪು ಅಂತ ಬರೆದ್ರಲ್ಲ, ಅದಕ್ಕೆ ಕಿವಿ ಬೇಕಾಗಿರಲಿಲ್ಲ. ಆ ಅರ್ಧ ನಿಮಿಷಕ್ಕೆ ನಲವತ್ತೊಂದು ಟೇಕು. ಉಸಿರು ಬಿಗಿಹಿಡಿದು ಹಿಡಿದು ತಲೆ ತಿರುಗಿ ಬಿದ್ದಿದ್ದೆ."

ಚೀಲದಿಂದ ಬರಹ ತೆಗೆದು ಕೊಟ್ಟರು. ಅವಳು ನಿಂತೇ ಓದಿದಳು. ಓದಿ ಮುಗಿಸಿ ಮೊದಲ ಪುಟಕ್ಕೆ ಮತ್ತೆ ಹೋದಳು.

"ಇದರಲ್ಲಿ ನನ್ನ ಬಗ್ಗೆ ಬರೀ ಹೊಗಳಿಕೆ ಇದೆ. ಮಷೀನು ಹಾಕ್ಕೊಂಡು ಹದಿಮೂರೂ ಕಂತು ಕೇಳಿದ್ರಾ?"

"ಕೇಳಿದೆ."

"ಎಲ್ಲಾ ಚೆನ್ನಾಗಿತ್ತಾ?"

ತಕ್ಕಡಿಯವರು ತಡೆದರು. ಹೇಳಬೇಕಾದದ್ದು ಒಂದಿತ್ತು. ಕ್ಷಮೆ ಕೇಳಲು ಬಂದವನು ಇದನ್ನು ಹೇಗೆ ಹೇಳಲಿ? ಹೇಳದಿದ್ದರೆ, ಜೊಂಪಿನ ಮಾತು, ತಿದ್ದುಪಡಿ ಆದ ಮೇಲೆ ಇದು ಮೂರನೆಯ ಸುಳ್ಳಾಗುತ್ತದೆ.

"ಹನ್ನೊಂದನೇ ಕಂತು," ಎಂದರು. "ತಂಗಿ ಹೆಸರು ಮರೆತುಹೋಯ್ತು ಅಂತ ಅಳ್ತಾಳಲ್ಲ. ಅಲ್ಲಿ ನಂಬಿಕೆ ಬರಲಿಲ್ಲ. ಅಳು ಗಂಟಲಿಂದ ಬಂತು, ಇನ್ನೂ ಕೆಳಗಿಂದ ಬರಬೇಕಿತ್ತು."

ಅವಳು ಅವರನ್ನು ನೆಟ್ಟಗೆ ನೋಡಿದಳು. ಆಮೇಲೆ ಬಂದು ಎದುರಿನ ಸ್ಟೂಲಿನ ಮೇಲೆ ಕೂತಳು.

"ನನಗೆ ಆವತ್ತು ಜ್ವರ. ಇನ್ನೊಂದು ಟೇಕ್ ಕೊಡಿ ಅಂದೆ, ಹೊತ್ತಾಯ್ತು ಅಂದ್ರು. ಇಷ್ಟು ಜನ ಪತ್ರ ಬರೆದ್ರು, ಒಬ್ಬರೂ ಇದನ್ನ ಹೇಳಲಿಲ್ಲ." ಬರಹವನ್ನು ಅವರ ಕೈಗೆ ವಾಪಸಿಟ್ಟಳು. "ಇದನ್ನೂ ಸೇರಿಸಿ. ಇಲ್ಲದಿದ್ರೆ ಕನಿಕರಕ್ಕೆ ಹೊಗಳಿದ ಹಾಗಾಗುತ್ತೆ. ಜ್ವರದ ಸುದ್ದಿ ಬೇಡ."

ಕ್ಷಮಿಸಿದೆ ಎಂದು ಅವಳು ಹೇಳಲಿಲ್ಲ. ಅವರೂ ಕೇಳಲಿಲ್ಲ. ಒಳಗಿನಿಂದ ಯಾರೋ ಕರೆದರು, ಅವಳು ಎದ್ದು ಹೋದಳು.

ಸಂಪಾದಕಿ ಬರಹ ಓದಿ, ಇದು ಅಚ್ಚಾದರೆ ಅಂಕಣ ಉಳಿಯುವುದಿಲ್ಲ ಎಂದಳು. ತಕ್ಕಡಿಯವರು ಅದು ತನಗೂ ಗೊತ್ತು ಎಂದರು. ಅವಳು ಮೂರು ದಿನ ತಡೆಹಿಡಿದು, ಕೊನೆಗೆ ಒಂದು ಅಕ್ಷರವನ್ನೂ ಕತ್ತರಿಸದೆ ಎರಡು ಪುಟಕ್ಕೆ ಹಾಕಿದಳು. ಮೆಚ್ಚಿದವರೂ ಇದ್ದರು, ಇಷ್ಟು ದಿನ ಕಿವುಡನ ಮಾತು ಕೇಳಿದೆವಲ್ಲ ಎಂದು ಹಂಗಿಸಿದವರೂ ಇದ್ದರು. ಹತ್ತೊಂಬತ್ತು ಮಂದಿಯಲ್ಲಿ ಇಬ್ಬರು ಪತ್ರ ಬರೆದರು. ಒಬ್ಬಳು ಕಸುಬು ಬಿಟ್ಟು ಆರು ವರ್ಷವಾಗಿತ್ತು. ಆ ಪತ್ರವನ್ನು ಅವರು ಹಳೆಯ ಅಂಕಣಗಳ ಕಡತದಲ್ಲೇ ಇಟ್ಟರು. ಅಂಕಣ ಮುಂದಿನ ತಿಂಗಳಿಂದ ಬೇರೆಯವರಿಗೆ ಹೋಯಿತು, ಬೇರೆ ಹೆಸರಿನಲ್ಲಿ.

ಪಾತ್ರ ಮಾತ್ರ ಹುಡುಗಿಗೆ ಮರಳಿ ಸಿಗಲಿಲ್ಲ. ಆಗಲೇ ಒಪ್ಪಂದವಾಗಿ ಅರ್ಧ ಕೆಲಸ ಮುಗಿದಿತ್ತು.

ವರ್ಷದ ಮೇಲೆ ಎರಡನೆಯ ಸೀಸನ್ ಬಂತು. ವಿಮರ್ಶೆ ಬರೆಯುವ ಕೆಲಸವಿಲ್ಲದಿದ್ದರೂ ತಕ್ಕಡಿಯವರು ಮಗಳೊಂದಿಗೆ ಕೂತು ಇಂಗ್ಲಿಷಿನಲ್ಲೇ ನೋಡಿದರು. ಹೊಸ ದೂತೆಯ ದನಿ ತಿಳಿಯಾಗಿತ್ತು. ಪ್ರತಿ ಅಕ್ಷರವೂ ಕೇಳಿಸುತ್ತಿತ್ತು. ಸಾಯುವವರ ಮಾತನ್ನೂ ಅವಳು ಸ್ಪಷ್ಟವಾಗಿ, ದುಃಖದಿಂದ, ಕೋಣೆಯ ಆಚೆ ತುದಿಗೂ ಮುಟ್ಟುವಂತೆ ಹೇಳುತ್ತಿದ್ದಳು.

"ಹೇಗಿದೆ ಅಪ್ಪ?" ಮಗಳು ಕೇಳಿದಳು.

"ಚೆನ್ನಾಗಿದೆ."

"ನಿಜವಾಗ್ಲೂ?"

"ನಿಜವಾಗ್ಲೂ. ಮೊದಲನೇದನ್ನ ಕೇಳದವರಿಗೆ ಏನೂ ಕಡಿಮೆ ಅನ್ನಿಸೋಲ್ಲ." ಅವರು ತೆರೆಯಿಂದ ಕಣ್ಣು ಕೀಳಲಿಲ್ಲ. "ಅದೇ ನನಗೆ ಸಂಕಟ."

ಮಗಳು ಮುಂದಿನ ಕಂತು ಹಾಕಲೇ ಎಂದು ಕೇಳಿದಳು. ಅವರು ಹೂಂ ಎಂದರು. ಇಬ್ಬರೂ ಕೊನೆಯವರೆಗೆ ನೋಡಿದರು.